ಪತ್ರವೋ, ಹಣವೋ, ವೇದಿಕೆಯೋ: ವಿಶ್ವವಿದ್ಯಾಲಯದ ಸಿಬ್ಬಂದಿಯ ಒಳ್ಳೆಯ ಕೆಲಸಕ್ಕೆ ಯಾವ ಗೌರವ ಒಪ್ಪುತ್ತದೆ?

ಚೆನ್ನಾಗಿ ಕೆಲಸ ಮಾಡುವ ಸಿಬ್ಬಂದಿಯನ್ನು ಗುರುತಿಸಬೇಕು ಎಂಬ ಮಾತು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಯಲ್ಲಿ ಬಂದರೆ ಸಾಮಾನ್ಯವಾಗಿ ಎರಡು ಸಲಹೆ ಕೇಳಿಬರುತ್ತವೆ. ಸಂಸ್ಥಾಪನಾ ದಿನದಂದು ಐದು ಜನರಿಗೆ ಶಾಲು ಹೊದಿಸಿ ಫಲಕ ಕೊಡೋಣ ಎನ್ನುವುದು ಒಂದು. ಒಂದು ಇನ್‌ಕ್ರಿಮೆಂಟ್ (ವಾರ್ಷಿಕ ವೇತನ ಏರಿಕೆ) ಹೆಚ್ಚು ಕೊಟ್ಟುಬಿಡೋಣ ಎನ್ನುವುದು ಇನ್ನೊಂದು. ಮೊದಲನೆಯದು ಇರುವ ದಾರಿಗಳಲ್ಲೆಲ್ಲ ನಿಧಾನದ್ದು, ಎರಡನೆಯದು ದುಬಾರಿಯದ್ದು. ನಡುವೆ ಇನ್ನೂ ನಾಲ್ಕೈದು ದಾರಿಗಳಿವೆ. ಯಾವ ಕೆಲಸಕ್ಕೆ ಯಾವುದು ಒಪ್ಪುತ್ತದೆ, ಎಷ್ಟು ಖರ್ಚಾಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಆಡಳಿತಕ್ರಮವನ್ನು ಮುಂದಿಟ್ಟುಕೊಂಡು ಇಲ್ಲಿ ನೋಡಬಹುದು.

ಇಲ್ಲಿನ ಮಾತು ಮುಖ್ಯವಾಗಿ ಬೋಧಕೇತರ ಸಿಬ್ಬಂದಿಯದ್ದು. ಅಧ್ಯಾಪಕರಿಗೆ ಪ್ರಕಟಣೆ, ಸಂಶೋಧನಾ ಅನುದಾನ, ಪದೋನ್ನತಿಯ ಅಂಕಗಳು ಇವೆ. 2023ರಿಂದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಯಲ್ಲಿ ಉನ್ನತ ಶಿಕ್ಷಣದ ಬೋಧಕರಿಗೂ ಜಾಗ ಸಿಕ್ಕಿದೆ. ಪರೀಕ್ಷಾಂಗದ ದ್ವಿತೀಯ ದರ್ಜೆ ಸಹಾಯಕ, ಪ್ರಯೋಗಾಲಯದ ಅಟೆಂಡರ್, ಹಾಸ್ಟೆಲ್ ಅಡುಗೆಯವರು, ತೋಟದ ಕೆಲಸದವರು, ಇವರ ಕೆಲಸ ಯಾವ ಸೂಚ್ಯಂಕದಲ್ಲೂ ಕಾಣುವುದಿಲ್ಲ. ಈ ಎರಡು ಗುಂಪನ್ನು ಒಂದೇ ಪ್ರಶಸ್ತಿಯ ಸ್ಪರ್ಧೆಗೆ ಇಳಿಸಬೇಡಿ. ಅರ್ಜಿ ಬರೆಯುವುದೇ ಅರ್ಧ ಉದ್ಯೋಗವಾಗಿರುವವರ ಎದುರು ಉಳಿದವರು ನಿಲ್ಲಲಾರರು.

ಮೊದಲು ಕೆಲಸದ ಬಗೆ ನೋಡಿ

ಅಸಾಧಾರಣ ಕೆಲಸ ಒಂದೇ ಬಗೆಯದಲ್ಲ. ಫಲಿತಾಂಶದ ಹಿಂದಿನ ರಾತ್ರಿ ಸರ್ವರ್ ಕೈಕೊಟ್ಟಾಗ ಕೂತು ಸರಿಮಾಡಿದ್ದು ಒಂದು ಬಗೆ. ಹತ್ತು ವರ್ಷ ಒಂದೂ ಆಕ್ಷೇಪಣೆ ಬರದಂತೆ ಪಿಂಚಣಿ ಕಡತ ನಡೆಸಿದ್ದು ಇನ್ನೊಂದು. ವಲಸೆ ಪ್ರಮಾಣಪತ್ರಕ್ಕೆ ವಿದ್ಯಾರ್ಥಿ ನಾಲ್ಕು ಕೌಂಟರ್ ಸುತ್ತುವುದನ್ನು ತಪ್ಪಿಸಿ ಒಂದಕ್ಕೆ ಇಳಿಸಿದ್ದು ಮತ್ತೊಂದು. ಘಟಿಕೋತ್ಸವಕ್ಕೆ ಮೂವತ್ತು ಜನ ಸೇರಿ ದುಡಿದದ್ದು ಬೇರೆಯದೇ.

ಒಮ್ಮೆಯ ಆಪತ್ತಿನ ಕೆಲಸಕ್ಕೆ ಗೌರವ ಅದೇ ವಾರ ಸಲ್ಲಬೇಕು, ಹನ್ನೊಂದು ತಿಂಗಳು ಕಳೆದ ಮೇಲೆ ವೇದಿಕೆ ಹತ್ತಿಸಿದರೆ ನೆನಪಿರುವುದು ಅವರಿಗೊಬ್ಬರಿಗೇ. ವರ್ಷಗಟ್ಟಲೆಯ ಕೆಲಸಕ್ಕೆ ವಾರ್ಷಿಕ ಪ್ರಶಸ್ತಿ ಸರಿ. ಪದ್ಧತಿಯನ್ನೇ ಸುಧಾರಿಸಿದವರಿಗೆ ಹಣಕ್ಕಿಂತ ಆ ಸುಧಾರಣೆಯನ್ನು ಅವರ ಹೆಸರಿನೊಂದಿಗೆ ಸುತ್ತೋಲೆಯಾಗಿ ಹೊರಡಿಸುವುದು ಮೇಲು. ಗುಂಪಿನ ಕೆಲಸಕ್ಕೆ ಒಬ್ಬರನ್ನು ಆರಿಸಿ ಹಾರ ಹಾಕಿದರೆ ಉಳಿದ ಇಪ್ಪತ್ತೊಂಬತ್ತು ಜನರನ್ನು ಕಳೆದುಕೊಂಡಂತೆ.

ಪ್ರಶಂಸಾ ಪತ್ರ: ಖರ್ಚಿಲ್ಲ, ಆದರೆ ಬರೆಯಲು ಬರಬೇಕು

ಒಂದನ್ನೇ ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ. ಸಿಂಡಿಕೇಟ್ ಒಪ್ಪಿಗೆ ಬೇಡ, ಲೆಕ್ಕಶೀರ್ಷಿಕೆ ಬೇಡ, ವಿಭಾಗದ ಮುಖ್ಯಸ್ಥರ ಟಿಪ್ಪಣಿಯ ಮೇಲೆ ಕುಲಸಚಿವರು (ರಿಜಿಸ್ಟ್ರಾರ್) ಸಹಿ ಮಾಡಿದರೆ ಸಾಕು. ಹೀಗಿದ್ದೂ ಹೆಚ್ಚಿನ ಪತ್ರಗಳು ವ್ಯರ್ಥವಾಗುವುದು ಎರಡು ಕಾರಣಕ್ಕೆ.

ಒಂದು, ಪತ್ರದಲ್ಲಿ ಏನೂ ಇರುವುದಿಲ್ಲ. 'ಶ್ರೀಯುತರು ಪ್ರಾಮಾಣಿಕರೂ ದಕ್ಷರೂ ಆಗಿದ್ದು, ವಹಿಸಿದ ಕೆಲಸವನ್ನು ಶ್ರದ್ಧೆಯಿಂದ ನಿರ್ವಹಿಸಿರುತ್ತಾರೆ' ಎಂಬ ಸಾಲು ಯಾರಿಗೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಯಾರಿಗೂ ಹೊಂದುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: 'ಮರುಮೌಲ್ಯಮಾಪನದ ಅರ್ಜಿಗಳನ್ನು ಕಾಲೇಜುವಾರು ಜೋಡಿಸುವ ಬದಲು ವಿಷಯವಾರು ಜೋಡಿಸುವ ಕ್ರಮವನ್ನು ತಾವು ಸೂಚಿಸಿದ್ದರಿಂದ, ಉತ್ತರಪತ್ರಿಕೆ ಹುಡುಕುವ ಕೆಲಸ 21 ದಿನದಿಂದ 9 ದಿನಕ್ಕೆ ಇಳಿಯಿತು. ಸ್ನಾತಕೋತ್ತರ ಪ್ರವೇಶದ ಕೊನೆಯ ದಿನಾಂಕಕ್ಕೆ ಮೊದಲೇ ಅಂಕಪಟ್ಟಿ ಕೊಡಲು ಇದರಿಂದ ಸಾಧ್ಯವಾಯಿತು.' ಏನು ಮಾಡಿದರು, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು, ಯಾರಿಗೆ ಅನುಕೂಲವಾಯಿತು ಎಂಬ ನಾಲ್ಕು ಸಂಗತಿ ಇದ್ದರೆ ಪತ್ರ ನಿಲ್ಲುತ್ತದೆ. ಅಂಕಿ ಸಿಗದ ಕೆಲಸವಾದರೆ ಒಂದು ಘಟನೆ ಬರೆಯಿರಿ, ವಿಶೇಷಣ ಬೇಡ. ಅರ್ಧ ಪುಟ ದಾಟಬೇಕಾಗಿಲ್ಲ.

ಎರಡು, ಪತ್ರ ಕೈಗೆ ಸಿಗುತ್ತದೆ, ಕಡತಕ್ಕೆ ಸೇರುವುದಿಲ್ಲ. ಕೆಳಗೆ 'ಪ್ರತಿ: ಸಿಬ್ಬಂದಿ ಶಾಖೆ, ಸಂಬಂಧಿಸಿದವರ ಸೇವಾ ವಹಿಯಲ್ಲಿ ನಮೂದಿಸಲು' ಎಂಬ ಸಾಲು ಹಾಕಿ. ಅಷ್ಟಕ್ಕೇ ಬಿಡದೆ, ನಮೂದಿಸಿದ ಪುಟಸಂಖ್ಯೆಯನ್ನು ಹದಿನೈದು ದಿನದಲ್ಲಿ ತಿಳಿಸಬೇಕೆಂದೂ ಸೇರಿಸಿ. ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವ ಅಧಿಕಾರಿಗೂ ಒಂದು ಪ್ರತಿ ಹೋಗಲಿ, ಏಕೆಂದರೆ ಮೆಚ್ಚುಗೆಯ ಪತ್ರ ಕೊಟ್ಟ ವರ್ಷವೇ ವರದಿಯಲ್ಲಿ 'ಸಾಧಾರಣ' ಎಂದು ಬರೆದಿರುವ ವಿಚಿತ್ರ ನಡೆಯುತ್ತಲೇ ಇರುತ್ತದೆ. ಮುಂದೆ ಬಡ್ತಿಯ ತಕರಾರು ನ್ಯಾಯಾಲಯಕ್ಕೆ ಹೋದರೆ ಈ ಎರಡು ಕಾಗದಗಳು ಎದುರುಬದುರು ನಿಲ್ಲುತ್ತವೆ.

ಪತ್ರವನ್ನು ಜವಾನರ ಕೈಲಿ ಕಳಿಸಬಾರದು. ಶಾಖೆಯ ಎಲ್ಲರೂ ಇರುವಾಗ ಕುಲಸಚಿವರೋ ಉಪ ಕುಲಸಚಿವರೋ ಅಲ್ಲಿಗೇ ಹೋಗಿ, ಓದಿ ಕೊಡಲಿ. ಐದು ನಿಮಿಷದ ಕೆಲಸ.

ಸ್ಥಳದಲ್ಲೇ ಬಹುಮಾನ

500ರಿಂದ 1,000 ರೂಪಾಯಿಯ ಸಣ್ಣ ಬಹುಮಾನ, ಕೆಲಸ ನಡೆದ ಏಳು ದಿನದೊಳಗೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಪದ್ಧತಿ ಸಾಮಾನ್ಯ. ನಮ್ಮಲ್ಲಿ ಅಪರೂಪವಾಗಿರುವುದಕ್ಕೆ ಮನಸ್ಸಿನ ಬಡತನ ಕಾರಣವಲ್ಲ, ಕಡತದ ದಾರಿ ಉದ್ದವಾಗಿರುವುದು ಕಾರಣ. 500 ರೂಪಾಯಿ ಮಂಜೂರಾತಿಗೆ ವಿಷಯ ನಿರ್ವಾಹಕ, ಅಧೀಕ್ಷಕ, ಸಹಾಯಕ ಕುಲಸಚಿವ, ಹಣಕಾಸು ಶಾಖೆ ಎಂದು ಕಡತ ಸುತ್ತಿ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ.

ಇದು ನಡೆಯಬೇಕಾದರೆ ವರ್ಷದ ಆರಂಭದಲ್ಲೇ ಒಂದು ಕಛೇರಿ ಆದೇಶ ಹೊರಡಿಸಿ ಪ್ರತಿ ವಿಭಾಗಕ್ಕೂ ವರ್ಷಕ್ಕೆ ಇಷ್ಟು ಎಂದು ಇಂಪ್ರೆಸ್ಟ್ ಮೊತ್ತ (ಸಣ್ಣ ಖರ್ಚಿಗೆ ಮುಂಗಡವಾಗಿ ಕೈಯಲ್ಲಿಡುವ ಹಣ) ಕೊಟ್ಟು, 1,000 ರೂಪಾಯಿವರೆಗಿನ ಅಧಿಕಾರವನ್ನು ವಿಭಾಗದ ಮುಖ್ಯಸ್ಥರಿಗೇ ಬಿಡಬೇಕು. 300 ಜನರಿರುವ ಕಡೆ ವರ್ಷಕ್ಕೆ 50 ಬಹುಮಾನ, ತಲಾ 1,000 ಎಂದರೆ 50,000 ರೂಪಾಯಿ. ವರ್ಷಕ್ಕೆ ಐದು ಜನರಿಗೆ ತಲಾ 20,000 ಕೊಡುವ ಯೋಜನೆಗೆ ಬೇಕಾಗುವುದರ ಅರ್ಧ ಇದು, ಮುಟ್ಟುವುದು ಹತ್ತು ಪಟ್ಟು ಜನರನ್ನು.

ಕೆಡುವುದು ಹೀಗೆ: ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಅದು ಸರದಿಯಾಗುತ್ತದೆ. ಹೋದ ಸಲ ಅವರಿಗಾಯಿತು, ಈ ಸಲ ಇವರಿಗೆ. ಇದನ್ನು ತಡೆಯಲು ಎರಡು ನಿಯಮ ಸಾಕು. ಕಾರಣವನ್ನು ಒಂದು ವಾಕ್ಯದಲ್ಲಿ ಬರೆದು ಸೂಚನಾ ಫಲಕಕ್ಕೆ ಹಾಕುವುದು ಕಡ್ಡಾಯ. ವರ್ಷಾಂತ್ಯದಲ್ಲಿ ಉಳಿದ ಹಣವನ್ನು ಖರ್ಚು ಮಾಡಲೇಬೇಕೆಂಬ ಒತ್ತಡ ಇಲ್ಲ, ಉಳಿದರೆ ವಾಪಸ್. ಮಾರ್ಚ್ ಕೊನೆಯ ವಾರದಲ್ಲಿ ಒಮ್ಮೆಗೇ ಎಂಟು ಜನ 'ಅಸಾಧಾರಣ' ಆಗಿಬಿಡುವುದು ನಿಲ್ಲುತ್ತದೆ.

ವಾರ್ಷಿಕ ಪ್ರಶಸ್ತಿ

ಎಲ್ಲರೂ ಬಯಸುವುದು ಇದನ್ನೇ, ಹೆಚ್ಚು ಮನಸ್ತಾಪ ಹುಟ್ಟಿಸುವುದೂ ಇದೇ. ಮಾಡುವುದಾದರೆ ಪೂರ್ತಿ ಮಾಡಬೇಕು.

ದಿನ ಯಾವುದು ಎಂಬುದರಿಂದ ಶುರುವಾಗಲಿ. ಘಟಿಕೋತ್ಸವ ಬೇಡ: ಅದು ವಿದ್ಯಾರ್ಥಿಗಳ ದಿನ, ಕುಲಾಧಿಪತಿಗಳಾದ ರಾಜ್ಯಪಾಲರ ಶಿಷ್ಟಾಚಾರಕ್ಕೆ ನಿಮಿಷ ನಿಮಿಷಕ್ಕೂ ಲೆಕ್ಕವಿರುತ್ತದೆ, ಮೇಲಾಗಿ ಗೌರವಕ್ಕೆ ಪಾತ್ರರಾಗಬೇಕಾದವರೇ ಅಂದು ವೇದಿಕೆಯ ಹಿಂದೆ ಪದಕ ಜೋಡಿಸುತ್ತ ನಿಂತಿರುತ್ತಾರೆ. ಏಪ್ರಿಲ್ 21ರ ನಾಗರಿಕ ಸೇವಾ ದಿನದಂದು ರಾಜ್ಯ ಸರ್ಕಾರ ತನ್ನ ನೌಕರರಿಗೆ ಸರ್ವೋತ್ತಮ ಸೇವಾ ಪ್ರಶಸ್ತಿ ಕೊಡುತ್ತದೆ. ಅದೇ ದಿನ, ಅದಕ್ಕೆ ಹತ್ತಿರದ ಹೆಸರಿಟ್ಟರೆ ಗೊಂದಲವಾಗುತ್ತದೆ. ಸಂಸ್ಥಾಪನಾ ದಿನವೇ ಸರಿ. ಮೈಸೂರು ವಿಶ್ವವಿದ್ಯಾಲಯಕ್ಕೆ ಅದು ಜುಲೈ 27, 1916ರಲ್ಲಿ ಸ್ಥಾಪನೆಯಾದ ದಿನ. ಆ ದಿನವನ್ನೇ ಉದಾಹರಣೆಗೆ ಹಿಡಿದು ಹಿಂದಕ್ಕೆ ಎಣಿಸಿದರೆ: ನಾಮನಿರ್ದೇಶನದ ಸುತ್ತೋಲೆ ಮೇ ಮೊದಲ ವಾರ, ಕೊನೆಯ ದಿನ ಮೇ 31, ಸಿಬ್ಬಂದಿ ಶಾಖೆಯ ಪರಿಶೀಲನೆ ಜೂನ್ 15ರವರೆಗೆ, ಸಮಿತಿಯ ಸಭೆ ಜೂನ್ ಕೊನೆಯ ವಾರ, ಕುಲಪತಿಗಳ ಅನುಮೋದನೆ ಜುಲೈ 5ರೊಳಗೆ, ಪ್ರಮಾಣಪತ್ರದ ಮುದ್ರಣ ಮತ್ತು ಹೆಸರಿನ ಕಾಗುಣಿತದ ಪರಿಶೀಲನೆ ಜುಲೈ 15. ಕಾಗುಣಿತವನ್ನು ಸ್ವತಃ ಆ ನೌಕರರಿಂದಲೇ ಓದಿಸಿ ಸಹಿ ಪಡೆಯಿರಿ. ಇನಿಷಿಯಲ್ ತಪ್ಪಿದ ಫಲಕವನ್ನು ಯಾರೂ ಗೋಡೆಗೆ ಹಾಕುವುದಿಲ್ಲ.

ನಾಮನಿರ್ದೇಶನ ಯಾರಿಂದ? ವಿಭಾಗದ ಮುಖ್ಯಸ್ಥರಿಂದ ಮಾತ್ರ ಎಂದರೆ ಅವರ ಕೊಠಡಿಯ ಹತ್ತಿರ ಕೂರುವವರೇ ಬರುತ್ತಾರೆ. ಸ್ವಯಂ ಅರ್ಜಿ ಎಂದರೆ ಸಂಕೋಚದ ಸ್ವಭಾವದವರು ಬರುವುದೇ ಇಲ್ಲ. ಸಹೋದ್ಯೋಗಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು ಯಾರಾದರೂ ಹೆಸರಿಸಬಹುದು, ಮುಖ್ಯಸ್ಥರು ಸಂಗತಿ ನಿಜವೋ ಅಲ್ಲವೋ ಎಂದಷ್ಟೇ ದೃಢೀಕರಿಸಬೇಕು ಎಂಬ ಕ್ರಮ ಇದ್ದುದರಲ್ಲಿ ಒಳ್ಳೆಯದು. ನಮೂನೆ ಕನ್ನಡದಲ್ಲಿರಲಿ, ಒಂದೇ ಪುಟವಿರಲಿ. ಅಟೆಂಡರ್, ಕಾವಲುಗಾರರಂಥ 'ಡಿ' ಗುಂಪಿನವರನ್ನು ಹೆಸರಿಸುವವರು ಹೆಚ್ಚಾಗಿ ಅವರ ಜೊತೆಯವರೇ ಆದ್ದರಿಂದ, ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡು ಓದಿ ಹೇಳಿ ಸಹಿ ಪಡೆಯಲು ಸಿಬ್ಬಂದಿ ಶಾಖೆಯಲ್ಲಿ ಒಬ್ಬರನ್ನು ನೇಮಿಸಿ. ಆನ್‌ಲೈನ್ ನಮೂನೆ ಮಾತ್ರ ಇಟ್ಟರೆ ಕಾವಲುಗಾರರ, ಅಡುಗೆಯವರ ಹೆಸರು ಒಂದೂ ಬರುವುದಿಲ್ಲ, ಆಮೇಲೆ 'ಆ ವರ್ಗದಿಂದ ಅರ್ಹರು ಕಂಡುಬಂದಿಲ್ಲ' ಎಂದು ನಡವಳಿಯಲ್ಲಿ ದಾಖಲಾಗುತ್ತದೆ.

ಪ್ರಶಸ್ತಿಗಳನ್ನು ವರ್ಗವಾರು ಒಡೆಯುವುದು ಅನಿವಾರ್ಯ. ಕಛೇರಿ ಸಿಬ್ಬಂದಿ, ತಾಂತ್ರಿಕ ಮತ್ತು ಗ್ರಂಥಾಲಯ ಸಿಬ್ಬಂದಿ, 'ಡಿ' ಗುಂಪು, ಇಷ್ಟು ಸಾಕು. ಹತ್ತು ವರ್ಗ ಮಾಡಿದರೆ ಒಂದೊಂದಕ್ಕೆ ಇಬ್ಬರು ಅಭ್ಯರ್ಥಿಗಳು ಉಳಿದು ಪ್ರಶಸ್ತಿ ಸಮಾಧಾನದ ಬಹುಮಾನವಾಗುತ್ತದೆ.

ಸಮಿತಿ ಐದು ಜನರದ್ದಿರಲಿ, ಒಬ್ಬರಾದರೂ ಹಿಂದಿನ ವರ್ಷ ಪ್ರಶಸ್ತಿ ಪಡೆದವರಾಗಿರಲಿ. ಅಂಕ ಕೊಡುವುದು ಸಭೆಗೆ ಮೊದಲು, ಪ್ರತ್ಯೇಕವಾಗಿ. ಸಭೆಯಲ್ಲೇ ಕೂತು ಅಂಕ ಹಾಕಿದರೆ ಹಿರಿಯರು ಮೊದಲು ಹೇಳಿದ ಹೆಸರಿಗೆ ಉಳಿದವರು ತಲೆಯಾಡಿಸುತ್ತಾರೆ. 100ರಲ್ಲಿ ಮಾಡಿದ ಕೆಲಸದ ಪುರಾವೆಗೆ 50, ಅದರಿಂದ ವಿದ್ಯಾರ್ಥಿಗಳಿಗೋ ಕಛೇರಿಗೋ ಆದ ಪ್ರಯೋಜನಕ್ಕೆ 30, ಇತರರಿಗೆ ಕಲಿಸಿದ್ದಕ್ಕೆ 20 ಎಂದು ಇಡಬಹುದು. ಸೇವಾವಧಿಗೆ ಅಂಕ ಕೊಡಲೇಬೇಡಿ. ಕೊಟ್ಟರೆ ಅದು ಜ್ಯೇಷ್ಠತಾ ಪಟ್ಟಿಯ ಇನ್ನೊಂದು ಪ್ರತಿಯಾಗುತ್ತದೆ. ತಮ್ಮ ಶಾಖೆಯವರ ಹೆಸರು ಬಂದಾಗ ಆ ಸದಸ್ಯರು ಅಂಕ ಹಾಕಬಾರದು, ಉಳಿದ ನಾಲ್ವರ ಸರಾಸರಿ ತೆಗೆದುಕೊಳ್ಳಬೇಕು. ಅಂಕಪಟ್ಟಿಗಳನ್ನು ಹಾಗೇ ಕಾಯ್ದಿಡಿ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬಂದೇ ಬರುತ್ತದೆ, ಉತ್ತರಿಸಲು ಕಾಗದವಿಲ್ಲದಿದ್ದರೆ ಪ್ರಶಸ್ತಿ ಪಡೆದವರಿಗೇ ಮುಜುಗರ.

ಪ್ರಕಟಿಸುವ ಮೊದಲು ಇಲಾಖಾ ವಿಚಾರಣೆ, ಲೋಕಾಯುಕ್ತ ಪ್ರಕರಣ ಬಾಕಿಯಿಲ್ಲ ಎಂಬ ದೃಢೀಕರಣವನ್ನೂ, ಲೆಕ್ಕಪರಿಶೋಧನೆಯ ವಸೂಲಾತಿ ಆಕ್ಷೇಪಣೆ ಇಲ್ಲ ಎಂಬುದನ್ನೂ ಲಿಖಿತವಾಗಿ ಪಡೆಯಿರಿ. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ಹಣದ ವಿಷಯಕ್ಕೆ ಬಂದರೆ, ವಿಶ್ವವಿದ್ಯಾಲಯ ತನ್ನ ನೌಕರರಿಗೆ ಕೊಡುವ ನಗದು ಬಹುಮಾನ ತೆರಿಗೆಯ ಕಣ್ಣಿಗೆ ಸಂಬಳದ ಭಾಗವೇ. ಸರ್ಕಾರ ಸ್ಥಾಪಿಸಿದ ಅಥವಾ ಕೇಂದ್ರ ಸರ್ಕಾರ ಅನುಮೋದಿಸಿದ ಪ್ರಶಸ್ತಿಗಳಿಗಿರುವ ವಿನಾಯಿತಿ ಇದಕ್ಕೆ ತಾನಾಗಿ ಸಿಗುವುದಿಲ್ಲ. ಶೇ. 30ರ ಹಂತದಲ್ಲಿರುವ ಅಧಿಕಾರಿಗೆ 25,000 ಕೊಟ್ಟರೆ ಸೆಸ್ ಸೇರಿ 7,800 ಕಡಿತವಾಗಿ 17,200 ಉಳಿಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಸಾಲಿನಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳದ ಕಾರಣ ಗುಮಾಸ್ತರಿಗೂ 'ಡಿ' ಗುಂಪಿನವರಿಗೂ ಪೂರ್ತಿ ಮೊತ್ತವೇ ಸಿಗುತ್ತದೆ. ಹಾಗಾಗಿ ಹಣವನ್ನು ಕೆಳಗಿನ ಹಂತಕ್ಕೆ ಹೆಚ್ಚಿಸಿ, ಮೇಲಿನ ಹಂತಕ್ಕೆ ಫಲಕವಷ್ಟೇ ಕೊಡುವುದು ಲೆಕ್ಕದಲ್ಲೂ ಸರಿ, ನೋಟಕ್ಕೂ ಚೆಂದ. ಹಣ ಸಂಬಳದ ಖಾತೆಗೆ ಹೋಗಲಿ. ಲಕೋಟೆಯಲ್ಲಿ ನೋಟು ಇಟ್ಟು ಕೊಡುವುದನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ.

ವೇದಿಕೆಯಲ್ಲಿ ಒಬ್ಬರಿಗೆ 90 ಸೆಕೆಂಡ್ ಎಂದಿಟ್ಟುಕೊಳ್ಳಿ, ಹನ್ನೆರಡು ಜನಕ್ಕೆ 18 ನಿಮಿಷ. ಅದರಲ್ಲಿ ಅರ್ಧ, ಏಕೆ ಕೊಟ್ಟೆವು ಎಂಬ ಐವತ್ತು ಅರವತ್ತು ಪದಗಳನ್ನು ಓದಲು. ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಈ ಓದಿಗೇ, ಅತಿಥಿಯ ಭಾಷಣಕ್ಕಲ್ಲ. ಆದ್ದರಿಂದ ಸನ್ಮಾನವನ್ನು ಮುಖ್ಯ ಭಾಷಣಕ್ಕಿಂತ ಮುಂಚೆ ಇಡಿ. ಮನೆಯವರಿಗೆ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಕಾಯ್ದಿರಿಸುವುದನ್ನು ಆಹ್ವಾನ ಪತ್ರಿಕೆಯಲ್ಲೇ ಬರೆಯಿರಿ.

ತಂಡಕ್ಕೆ ಕೊಡುವಾಗ

ತಂಡದ ಪ್ರಶಸ್ತಿ ಕೆಡುವುದು ಒಂದೇ ಕಾರಣಕ್ಕೆ: ಪಟ್ಟಿಯಲ್ಲಿ ಯಾರದೋ ಹೆಸರು ಬಿಟ್ಟುಹೋಗುವುದರಿಂದ. ಬಿಟ್ಟುಹೋದವರು ಸಾಮಾನ್ಯವಾಗಿ ಡೇಟಾ ಎಂಟ್ರಿ ಆಪರೇಟರ್, ಚಾಲಕ, ರಾತ್ರಿ ಬಾಗಿಲು ತೆರೆದುಕೊಟ್ಟ ಕಾವಲುಗಾರ. ನಾಮನಿರ್ದೇಶನದಲ್ಲೇ ಎಲ್ಲ ಸದಸ್ಯರ ಹೆಸರು, ಪ್ರತಿಯೊಬ್ಬರ ಪಾತ್ರ ಒಂದು ಸಾಲಿನಲ್ಲಿ, ಎಲ್ಲರ ಸಹಿ ಇರಬೇಕು. ಹಣ ಸಮಪಾಲು. ಎಂಟು ಜನರ ತಂಡಕ್ಕೆ 24,000 ಎಂದರೆ ತಲಾ 3,000. ಅಧೀಕ್ಷಕರಿಗೆ ಸ್ವಲ್ಪ ಹೆಚ್ಚು ಎಂದು ಹೊರಟರೆ ಅಲ್ಲಿಗೆ ತಂಡ ಮುಗಿಯಿತು. ಹನ್ನೆರಡು ಜನರ ಮೇಲ್ಮಿತಿ ಇಡಿ, ಇಲ್ಲವಾದರೆ ಇಡೀ ಪರೀಕ್ಷಾಂಗವೇ ಒಂದು ತಂಡವಾಗಿ ಬರುತ್ತದೆ.

ಮುಂಗಡ ಇನ್‌ಕ್ರಿಮೆಂಟ್ ಏಕೆ ಬೇಡ

ವೇತನಶ್ರೇಣಿ ನಿಗದಿ ಮಾಡುವುದು ರಾಜ್ಯ ಸರ್ಕಾರ. ಅದರ ಒಪ್ಪಿಗೆಯಿಲ್ಲದೆ ಕೊಟ್ಟ ಹೆಚ್ಚುವರಿ ಇನ್‌ಕ್ರಿಮೆಂಟ್ ನಿವೃತ್ತಿಯ ಹೊತ್ತಿಗೆ ವಸೂಲಾತಿಯಾಗಿ ತಿರುಗಿ ಬರುವ ಸಂಭವ ಹೆಚ್ಚು, ಅದೂ ಪಿಂಚಣಿ ನಿಗದಿಯ ಹಂತದಲ್ಲಿ. ಖರ್ಚೂ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು. ತಿಂಗಳಿಗೆ 1,200 ರೂಪಾಯಿಯ ಒಂದು ಇನ್‌ಕ್ರಿಮೆಂಟ್ ಹದಿನೈದು ವರ್ಷ ಸೇವೆ ಉಳಿದವರಿಗೆ 2,16,000 ರೂಪಾಯಿ, ತುಟ್ಟಿಭತ್ಯೆ ಮತ್ತು ಮನೆಬಾಡಿಗೆ ಭತ್ಯೆ ಅದರ ಮೇಲೆ. ಇಷ್ಟು ಹಣದಲ್ಲಿ ಸ್ಥಳದಲ್ಲೇ ಕೊಡುವ ಬಹುಮಾನದ ಯೋಜನೆಯನ್ನು ನಾಲ್ಕು ವರ್ಷ ನಡೆಸಬಹುದು. ಅಲ್ಲದೆ ನಿವೃತ್ತಿಗೆ ಎರಡು ವರ್ಷ ಉಳಿದವರಿಗೂ ಇಪ್ಪತ್ತು ವರ್ಷ ಉಳಿದವರಿಗೂ ಒಂದೇ ಪ್ರಶಸ್ತಿಯ ಬೆಲೆ ಹತ್ತು ಪಟ್ಟು ಬೇರೆ.

ದತ್ತಿ ನಿಧಿಯೋ, ಆಯವ್ಯಯವೋ

ಬಜೆಟ್ಟಿನಲ್ಲಿ ಇಟ್ಟ ಹಣ ಬಿಗಿ ಬಂದ ವರ್ಷ ಮೊದಲು ಮಾಯವಾಗುತ್ತದೆ. ಪದಕಗಳಿಗೆ ದತ್ತಿ ಇಡುವ ರೂಢಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗಟ್ಟಿಯಾಗಿದೆ, ಸಿಬ್ಬಂದಿ ಪ್ರಶಸ್ತಿಗೂ ಅದೇ ದಾರಿ ಹಿಡಿಯಬಹುದು. ಎರಡು ಲಕ್ಷದ ಠೇವಣಿಗೆ ಶೇ. 6.5 ಬಡ್ಡಿ ಬಂದರೆ ವರ್ಷಕ್ಕೆ 13,000. ಅದರಲ್ಲಿ 10,000 ಕೊಟ್ಟು 3,000 ಅಸಲಿಗೆ ಸೇರಿಸಿ. ಬಡ್ಡಿ ಶೇ. 5ಕ್ಕೆ ಇಳಿದರೂ ಪ್ರಶಸ್ತಿ ನಿಲ್ಲುವುದಿಲ್ಲ. ಪೂರ್ತಿ ಬಡ್ಡಿ ಹಂಚುವ ದತ್ತಿಗಳು ಮೂವತ್ತು ವರ್ಷದಲ್ಲಿ 250 ರೂಪಾಯಿಯ ಬಹುಮಾನವಾಗಿ ಉಳಿಯುತ್ತವೆ. ದತ್ತಿಪತ್ರದಲ್ಲಿ ಒಂದು ಷರತ್ತು ತಪ್ಪಬಾರದು: ದಾನಿಗಳಿಗೆ ಆಯ್ಕೆಯಲ್ಲಿ ಮಾತಿಲ್ಲ.

ತರಬೇತಿಗೆ ಕಳಿಸುವುದನ್ನೂ ಗೌರವವಾಗಿ ಬಳಸಬಹುದು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೋ, ಗ್ರಂಥಾಲಯದವರಾದರೆ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರವಾದ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ಗೋ ಒಂದು ವಾರ ಹೋಗಿಬರುವುದು ಮೂವತ್ತರ ಆಸುಪಾಸಿನವರಿಗೆ ಶಾಲಿಗಿಂತ ಹೆಚ್ಚು ಉಪಯೋಗ. ಹೋದಾಗ ಅವರ ಮೇಜಿನ ಕೆಲಸ ಯಾರು ನೋಡಬೇಕೆಂದು ಆದೇಶದಲ್ಲೇ ಬರೆಯದಿದ್ದರೆ ವಾಪಸ್ ಬಂದಾಗ ನಲವತ್ತು ಕಡತ ಕಾದಿರುತ್ತವೆ, ಗೌರವ ಶಿಕ್ಷೆಯಾಗುತ್ತದೆ.

ನಿವೃತ್ತಿಯ ಸನ್ಮಾನವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಎಲ್ಲರಿಗೂ ಸಲ್ಲತಕ್ಕದ್ದು. ಆ ದಿನ ಹಾರದ ಜೊತೆ ಪಿಂಚಣಿ ಆದೇಶ ಕೈಗೆ ಸಿಕ್ಕರೆ ಬೇರೆ ಉಡುಗೊರೆಯೇ ಬೇಕಾಗಿಲ್ಲ.

ಹೊರಗುತ್ತಿಗೆಯವರ ಪ್ರಶ್ನೆ

ಇಂದು ವಿಶ್ವವಿದ್ಯಾಲಯದ ದಿನನಿತ್ಯದ ಕೆಲಸದ ದೊಡ್ಡ ಪಾಲು ಏಜೆನ್ಸಿಯ ಮೂಲಕ ಬಂದವರ ಮೇಲೆ ನಿಂತಿದೆ. ಆದರೂ ಹೆಚ್ಚಿನ ನಿಯಮಾವಳಿಗಳು 'ಖಾಯಂ ನೌಕರರು ಮಾತ್ರ' ಎನ್ನುತ್ತವೆ. ಆಡಳಿತದ ಅಳುಕು ಏನೆಂದರೆ, ಪ್ರಶಸ್ತಿ ಪತ್ರವನ್ನು ನಾಳೆ ಖಾಯಮಾತಿಯ ದಾವೆಗೆ ದಾಖಲೆಯಾಗಿ ಹಾಜರುಪಡಿಸುತ್ತಾರೆ ಎಂಬುದು. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ನಿಯಮಬದ್ಧ ನೇಮಕಾತಿಯಿಲ್ಲದೆ ತಾತ್ಕಾಲಿಕವಾಗಿ ಸೇರಿದವರಿಗೆ ಖಾಯಮಾತಿಯ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪಿನ ನಂತರ ಈ ಎಚ್ಚರ ಇನ್ನೂ ಹೆಚ್ಚಾಯಿತು. ಆದರೆ ಒಂದು ಮೆಚ್ಚುಗೆಯ ಪತ್ರದಿಂದಲೇ ಹುದ್ದೆಯ ಹಕ್ಕು ಹುಟ್ಟುವುದಿಲ್ಲ. ಪತ್ರದಲ್ಲಿ ಏಜೆನ್ಸಿಯ ಮೂಲಕ ನಿಯೋಜಿತರಾದವರು ಎಂದು ನಮೂದಿಸಿ, ಸೇವಾವಧಿಯ ಬಗ್ಗೆ ಏನೂ ಹೇಳದೆ, ಮಾಡಿದ ಕೆಲಸವನ್ನಷ್ಟೇ ಬರೆದರೆ ಸಾಕು. ಕಾನೂನು ಕೋಶಕ್ಕೆ ಒಮ್ಮೆ ತೋರಿಸಿ ಒಂದೇ ಮಾದರಿ ಸಿದ್ಧಪಡಿಸಿಕೊಂಡರೆ ಪ್ರತಿ ಸಲ ಕಡತ ಅಲ್ಲಿಗೆ ಹೋಗಬೇಕಾಗಿಲ್ಲ.

ಹಣವನ್ನು ಏಜೆನ್ಸಿಯ ಬಿಲ್ಲಿನಲ್ಲಿ ಸೇರಿಸಬೇಡಿ. ಅದರ ಮೇಲೆ ಸೇವಾಶುಲ್ಕ, ಜಿಎಸ್‌ಟಿ ಬಿದ್ದು ವಿಶ್ವವಿದ್ಯಾಲಯಕ್ಕೆ ಖರ್ಚು ಹೆಚ್ಚಾಗುತ್ತದೆ, ನೌಕರರಿಗೆ ಎಷ್ಟು ತಲುಪಿತು ಎಂಬುದೂ ಖಾತ್ರಿಯಿಲ್ಲ. ದತ್ತಿ ನಿಧಿಯಿಂದ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಜಮಾ ಮಾಡಿ, ಏಜೆನ್ಸಿಗೆ ಮಾಹಿತಿಗಾಗಿ ಪ್ರತಿ ಕಳಿಸಿ. ಟೆಂಡರ್ ಬದಲಾಗಿ ಏಜೆನ್ಸಿ ಹೊಸದು ಬಂದಾಗ ಈ ಪತ್ರವೇ ಅವರ ಕೈಯಲ್ಲಿರುವ ಏಕೈಕ ದಾಖಲೆಯಾಗಬಹುದು. ಹಾಗಾಗಿ ಜಾವಕ ಸಂಖ್ಯೆ (ಕಛೇರಿಯಿಂದ ಹೊರಹೋಗುವ ಪತ್ರದ ಕ್ರಮಸಂಖ್ಯೆ), ದಿನಾಂಕ, ಸಹಿ ಮಾಡಿದವರ ಪದನಾಮ, ಮೊಹರು ನಾಲ್ಕೂ ಸ್ಪಷ್ಟವಾಗಿವೆಯೇ ಎಂದು ನೋಡಿ ಕೊಡಿ.